ಮಾಲೆ ತೆಗೆದ ಸಂಜೆ: ಕುಡಿತದಿಂದ ಹೊರಬರುವವರು ದೇವರನ್ನು ನೆಚ್ಚುವ ಬಗೆ

(ವ್ಯಸನಿಗಳ ಕುಟುಂಬದವರಿಗಾಗಿ ಏರ್ಪಡಿಸಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಅಲ್ಲಲ್ಲೇ ಸೇರಿಸಿಕೊಂಡಿದ್ದೇನೆ.)

ಹೆಸರು ಹೇಳದೆ ಮಾತು ಆರಂಭಿಸುತ್ತಿರುವುದಕ್ಕೆ ಕ್ಷಮೆಯಿರಲಿ. ಕುಡಿತ ಬಿಟ್ಟವರೂ ಬಿಡಬಯಸುವವರೂ ಸಭೆ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ, ನಾನು ಸೇರಿರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗದಲ್ಲಿ, ನಾವು ಅದನ್ನು ಎ.ಎ. ಎಂದಷ್ಟೇ ಕರೆಯುತ್ತೇವೆ, ಪತ್ರಿಕೆ ಮತ್ತು ರೇಡಿಯೊಗಳಲ್ಲಿ ಸದಸ್ಯರು ಹೆಸರು ಹೇಳಿಕೊಳ್ಳಬಾರದೆಂಬ ಸಂಪ್ರದಾಯವಿದೆ. ಈ ಮಾತು ಮುಂದೆ ಅಚ್ಚಾಗಲಿದೆ ಎಂದು ಸಂಘಟಕರು ಮೊದಲೇ ತಿಳಿಸಿದ್ದರಿಂದ ಆ ಸಂಪ್ರದಾಯವನ್ನು ಪಾಲಿಸುತ್ತಿದ್ದೇನೆ. ಪ್ರೌಢಶಾಲೆಯಲ್ಲಿ 29 ವರ್ಷ ಗಣಿತ ಹೇಳಿಕೊಟ್ಟವನು, ಅದರಲ್ಲಿ ಮೊದಲ 14 ವರ್ಷ ಕುಡಿದುಕೊಂಡೇ ಹೇಳಿಕೊಟ್ಟವನು, ಕಳೆದ 17 ವರ್ಷಗಳಿಂದ ಕುಡಿಯದವನು ಎಂಬಷ್ಟು ಪರಿಚಯ ಇಂದಿನ ವಿಷಯಕ್ಕೆ ಸಾಕು.

ಸಂಘಟಕರು ಕೊಟ್ಟ ವಿಷಯ ‘ನಮಗಿಂತ ಮಿಗಿಲಾದ ಶಕ್ತಿಯಲ್ಲಿ ವಿಶ್ವಾಸ’. ವಿಶ್ವಾಸವೆಂಬ ಪದ ಚೆನ್ನಾಗಿಯೇ ಇದೆ. ಆದರೆ ಮದುವೆಯ ಕರೆಯೋಲೆಯಲ್ಲೂ ಬ್ಯಾಂಕಿನ ಫಲಕದಲ್ಲೂ ಅದನ್ನೇ ಬಳಸಿ ಬಳಸಿ ಅದರ ಅಂಚು ಸವೆದುಹೋಗಿದೆ. ನಮ್ಮ ಕಡೆ ಹಳ್ಳಿಯ ಮಾತಿನಲ್ಲಿ ಎರಡು ಕ್ರಿಯಾಪದಗಳಿವೆ, ನಂಬುವುದು ಮತ್ತು ನೆಚ್ಚುವುದು. ಮಳೆ ಬರುತ್ತದೆಂದು ನಂಬದ ರೈತನಿಲ್ಲ. ಆದರೆ ಮಳೆಯನ್ನು ನೆಚ್ಚಿಕೊಂಡವನು ಮನೆಯ ಕಣಜದಲ್ಲಿದ್ದ ಕಾಳನ್ನು ತೆಗೆದು ಮಣ್ಣಿಗೆ ಹಾಕಿರುತ್ತಾನೆ. ಮಳೆ ಕೈಕೊಟ್ಟರೆ ಅವನಿಗೆ ನಷ್ಟವಿದೆ. ನಂಬುವುದಕ್ಕೆ ಖರ್ಚಿಲ್ಲ, ನೆಚ್ಚುವುದಕ್ಕೆ ಇದೆ. ಕುಡಿಯುತ್ತಿದ್ದ ಕಾಲದಲ್ಲಿ ದೇವರನ್ನು ನಂಬದೆ ಒಂದು ದಿನವನ್ನೂ ನಾನು ಕಳೆದವನಲ್ಲ. ನೆಚ್ಚಿದ್ದು ಮಾತ್ರ ಬಾಟಲಿಯನ್ನು.

ಮೂರು ವರ್ಷ ಅಯ್ಯಪ್ಪ ಮಾಲೆ ಹಾಕಿದ್ದೆ. ಕಪ್ಪು ಬಟ್ಟೆ, ಬರಿಗಾಲು, ಎರಡು ಹೊತ್ತಿನ ತಣ್ಣೀರ ಸ್ನಾನ; ಶಾಲೆಯ ಹುಡುಗರೂ ‘ಸ್ವಾಮಿ’ ಎಂದು ಕರೆಯುತ್ತಿದ್ದರು. 41 ದಿನ ಒಂದು ಹನಿ ಮುಟ್ಟುತ್ತಿರಲಿಲ್ಲ, ಮುಟ್ಟಬೇಕೆನ್ನಿಸುತ್ತಲೂ ಇರಲಿಲ್ಲ. ನನ್ನ ಹೆಂಡತಿ ಆ 41 ದಿನಗಳನ್ನು ಹೇಗೆ ಕಾಪಾಡಿಕೊಳ್ಳುತ್ತಿದ್ದಳೆಂದರೆ, ತವರಿಗೆ ಹೋಗಬೇಕಾದ ಕೆಲಸ, ನೆಂಟರನ್ನು ಕರೆಯಬೇಕಾದ ಕೆಲಸ, ಕಡ ತೀರಿಸಬೇಕಾದ ಕೆಲಸ, ಎಲ್ಲವನ್ನೂ ಆ ಅವಧಿಯೊಳಗೇ ಮುಗಿಸಿಕೊಳ್ಳುತ್ತಿದ್ದಳು. ಮೂರನೆಯ ವರ್ಷ ಬೆಟ್ಟ ಹತ್ತಿ ಇಳಿದು ಊರಿಗೆ ಬಂದು, ಗುರುಸ್ವಾಮಿಗಳ ಕೈಯಿಂದ ಮಾಲೆ ತೆಗೆಸಿಕೊಂಡದ್ದು ಮಧ್ಯಾಹ್ನ ಮೂರು ಗಂಟೆಗೆ. ಐದೂವರೆಗೆ ಬಸ್ ನಿಲ್ದಾಣದ ಹಿಂದಿನ ಬಾರಿನಲ್ಲಿ ಕುಳಿತಿದ್ದೆ. ಹೆಗಲ ಚೀಲದಲ್ಲಿದ್ದ ಅರವಣ ಪಾಯಸದ ಡಬ್ಬಿಯ ಮುಚ್ಚಳವನ್ನು ಇನ್ನೂ ಯಾರೂ ತೆರೆದಿರಲಿಲ್ಲ.

ಬಹಳ ಕಾಲ ಇದನ್ನು ನನ್ನ ದುರ್ಬಲ ಮನಸ್ಸಿನ ಕಥೆಯೆಂದೇ ಹೇಳಿಕೊಂಡು ಬಂದೆ. ಈಗ ಹಾಗೆ ಅನ್ನಿಸುವುದಿಲ್ಲ. 41 ದಿನ ಕುಡಿಯದೆ ಇರಬಲ್ಲವನ ಮನಸ್ಸು ದುರ್ಬಲವೆನ್ನುವುದು ಲೆಕ್ಕಕ್ಕೆ ಕೂಡುವುದಿಲ್ಲ. ನಾನು ಅಯ್ಯಪ್ಪನೊಂದಿಗೆ ಮಾಡಿಕೊಂಡದ್ದು ಮುಕ್ತಾಯದ ದಿನಾಂಕ ನಮೂದಾಗಿದ್ದ ಒಂದು ಕರಾರು. ನನ್ನ ಕಡೆಯ ಬಾಕಿಯನ್ನು ಪೈಸೆ ಬಿಡದೆ ಸಲ್ಲಿಸಿದ್ದೆ, ಸಲ್ಲಿಸಿ ಋಣಮುಕ್ತನಾಗಿದ್ದೆ. ಅವನ ಮೇಲೆ ಭಾರ ಹಾಕಿದ್ದು ಯಾವಾಗ? ಒಮ್ಮೆಯೂ ಇಲ್ಲ. ವ್ರತವನ್ನು ಹಳಿಯುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ, ಮಾಲೆ ಹಾಕಿದ ಮೇಲೆ ಮತ್ತೆ ಕುಡಿಯದವರನ್ನೂ ನಾನು ಬಲ್ಲೆ. ನನ್ನ ಪಾಲಿಗೆ ಆದದ್ದನ್ನು ಹೇಳುತ್ತಿದ್ದೇನೆ.

ಆಣೆಯ ಮಾತು ಇದಕ್ಕಿಂತ ಕೆಟ್ಟದ್ದು. ಇಲ್ಲಿ ಕುಳಿತಿರುವ ತಾಯಂದಿರಲ್ಲಿ, ಹೆಂಡತಿಯರಲ್ಲಿ ಎಷ್ಟು ಮಂದಿ ಮಗುವಿನ ತಲೆ ಮುಟ್ಟಿಸಿ ಆಣೆ ಮಾಡಿಸಿಲ್ಲ? ದೇವಸ್ಥಾನದ ಮೆಟ್ಟಿಲ ಮೇಲೆ ಕರ್ಪೂರ ಹಚ್ಚಿ ಪ್ರಮಾಣ ಮಾಡಿಸಿಲ್ಲ? ಆಣೆ ಮಾಡುವ ಆ ಗಳಿಗೆಯಲ್ಲಿ ಕುಡುಕ ಸುಳ್ಳು ಹೇಳುತ್ತಿರುವುದಿಲ್ಲ. ಅಷ್ಟು ಪ್ರಾಮಾಣಿಕವಾಗಿ ಅವನು ಬೇರಾವ ಮಾತನ್ನೂ ಆಡಿರಲಾರ. ನಾಲ್ಕನೆಯ ದಿನಕ್ಕೋ ಐದನೆಯ ದಿನಕ್ಕೋ ಅದು ಮುರಿಯುತ್ತದೆ. ಮುರಿದ ಮೇಲೆ ಅವನ ದೇವರು ಸಾಲಗಾರನ ಬಾಗಿಲಲ್ಲಿ ನಿಂತ ಸಾಹುಕಾರನಾಗುತ್ತಾನೆ. ನಾನು ಎರಡು ವರ್ಷ ನಮ್ಮ ಮನೆದೇವರ ಗುಡಿಯ ಬೀದಿಯನ್ನೇ ತಪ್ಪಿಸಿ ಸುತ್ತುಬಳಸಿ ಶಾಲೆಗೆ ಹೋಗುತ್ತಿದ್ದೆ; ಆ ಭಯವನ್ನು ಇಳಿಸಲು ನನಗೆ ಗೊತ್ತಿದ್ದ ಔಷಧ ಒಂದೇ, ಅದನ್ನೇ ಇನ್ನಷ್ಟು ಕುಡಿಯುತ್ತಿದ್ದೆ. ಆದ್ದರಿಂದ ಆಣೆ ಮಾಡಿಸುವುದನ್ನು ನಿಲ್ಲಿಸಿ ಎಂದು ನಿಮ್ಮಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ಈ ಬಳಗ ಹುಟ್ಟಿದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಂಬುವುದಕ್ಕೂ ನೆಚ್ಚುವುದಕ್ಕೂ ಇರುವ ಅಂತರ ಅಲ್ಲಿಯೂ ಇದೆ. 1934ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಯಲ್ಲಿದ್ದ ಬಿಲ್ ವಿಲ್ಸನ್ ಎಂಬ ಷೇರುಪೇಟೆಯ ಮನುಷ್ಯನಿಗೆ, ಹತಾಶೆಯ ತಳ ಮುಟ್ಟಿದ ಹೊತ್ತಿನಲ್ಲಿ, ಕೋಣೆಯೆಲ್ಲ ಬೆಳಕು ತುಂಬಿದ ಅನುಭವವಾಯಿತು. ಅಲ್ಲಿಂದ ಅವನು ಕುಡಿಯಲಿಲ್ಲ. ನಮ್ಮ ಹರಿಕಥೆಯಾಗಿದ್ದರೆ ಮಂಗಳ ಹಾಡುವುದಕ್ಕೆ ಅದೇ ಸರಿಯಾದ ಜಾಗ. ಆದರೆ ಐದು ತಿಂಗಳ ನಂತರ, 1935ರ ಮೇ ತಿಂಗಳಲ್ಲಿ, ಓಹಾಯೊ ರಾಜ್ಯದ ಆಕ್ರನ್ ನಗರಕ್ಕೆ ಹೋಗಿದ್ದ ಅವನ ವ್ಯವಹಾರ ಮುರಿದುಬಿತ್ತು. ಮೇಫ್ಲವರ್ ಹೋಟೆಲಿನ ಪಡಸಾಲೆಯಲ್ಲಿ ಅವನು ಒಂಟಿಯಾಗಿ ಅತ್ತಿಂದಿತ್ತ ಓಡಾಡುತ್ತಿದ್ದ. ಒಂದು ತುದಿಯಲ್ಲಿ ಬಾರಿನ ಗದ್ದಲ, ಇನ್ನೊಂದು ತುದಿಯಲ್ಲಿ ಟೆಲಿಫೋನು, ಅದರ ಪಕ್ಕದಲ್ಲಿ ಊರಿನ ಚರ್ಚುಗಳ ಪಟ್ಟಿ. ಬೆಳಕು ಕಂಡವನಿಗೆ ಬಾರಿನ ಗದ್ದಲ ಕೇಳಿಸಬಾರದಾಗಿತ್ತಲ್ಲವೇ? ಕೇಳಿಸಿತು, ಕಾಲೂ ಆ ಕಡೆಗೇ ಎಳೆಯಿತು. ಅವನು ಟೆಲಿಫೋನಿನ ತುದಿಗೆ ನಡೆದು ಪಾದ್ರಿಯೊಬ್ಬರಿಗೆ ಕರೆ ಮಾಡಿದ. ಕೇಳಿದ್ದು ಆಶೀರ್ವಾದವನ್ನಲ್ಲ, ತನ್ನಂತೆಯೇ ಕುಡಿತದಲ್ಲಿ ಮುಳುಗಿರುವ ಇನ್ನೊಬ್ಬ ಮನುಷ್ಯನ ವಿಳಾಸವನ್ನು.

ಆ ಇನ್ನೊಬ್ಬ ಮನುಷ್ಯ ಡಾಕ್ಟರ್ ಬಾಬ್ ಸ್ಮಿತ್, ಆಕ್ರನ್ನಿನ ಶಸ್ತ್ರವೈದ್ಯ. ಅವರ ಸ್ಥಿತಿ ನನಗೆ ಹೆಚ್ಚು ಆಪ್ತವೆನ್ನಿಸುತ್ತದೆ. ಎರಡು ವರ್ಷಕ್ಕೂ ಹೆಚ್ಚು ಕಾಲದಿಂದ ಅವರು ಪ್ರಾರ್ಥನಾ ಕೂಟಗಳಿಗೆ ಹೋಗುತ್ತಿದ್ದರು, ಧರ್ಮಗ್ರಂಥ ಓದುತ್ತಿದ್ದರು, ಸಂಜೆಯಾದರೆ ಕುಡಿಯುತ್ತಿದ್ದರು. ಮೇ 12ರಂದು, ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲವೆಂಬ ಷರತ್ತಿನ ಮೇಲೆ ಬಿಲ್‌ನನ್ನು ಕಾಣಲು ಬಂದವರು ಆರು ತಾಸಿಗೂ ಹೆಚ್ಚು ಹೊತ್ತು ಕುಳಿತರು. ಆಮೇಲೆಯೂ ಒಮ್ಮೆ ಜಾರಿದರು. ಅವರು ಕೊನೆಯ ಬಾರಿ ಕುಡಿದ 1935ರ ಜೂನ್ 10ನೆಯ ದಿನವನ್ನೇ ಎ.ಎ. ತನ್ನ ಸ್ಥಾಪನೆಯ ದಿನವೆಂದು ಎಣಿಸುತ್ತದೆ. ಒಬ್ಬನಿಗೆ ದರ್ಶನವಾಗಿತ್ತು, ಇನ್ನೊಬ್ಬರಿಗೆ ಪಾರಾಯಣವಿತ್ತು. ಇಬ್ಬರಿಗೂ ಇಲ್ಲದಿದ್ದದ್ದು, ಭಾರ ಹಾಕಲು ಎದುರಿಗೆ ಕುಳಿತ ಒಂದು ಜೀವ.

ನಾಲ್ಕು ವರ್ಷಗಳ ನಂತರ, 1939ರಲ್ಲಿ, ಬಳಗದ ಹನ್ನೆರಡು ಮೆಟ್ಟಿಲುಗಳು, ಅಂದರೆ ಕುಡಿತದಿಂದ ಹೊರಬರಲು ಸದಸ್ಯರು ಒಂದೊಂದಾಗಿ ಇಡುವ ಹೆಜ್ಜೆಗಳು, ಪುಸ್ತಕವಾಗಿ ಅಚ್ಚಾದವು. ಎರಡನೆಯ ಮೆಟ್ಟಿಲಿನ ಸಾರ, ನಮಗಿಂತ ಮಿಗಿಲಾದ ಶಕ್ತಿಯೊಂದು ನಮ್ಮ ಬುದ್ಧಿಯನ್ನು ಮರಳಿ ನೆಲೆಗೆ ತರಬಲ್ಲದೆಂಬ ನಂಬಿಕೆ ನಮ್ಮಲ್ಲಿ ಮೂಡಿತು ಎಂಬುದು. ಮೂರನೆಯದರ ಸಾರ, ನಮ್ಮ ಇಚ್ಛೆಯನ್ನೂ ಬಾಳನ್ನೂ ನಾವು ಅರಿತಂತಿರುವ ದೇವರ ಪಾಲನೆಗೆ ಒಪ್ಪಿಸಲು ತೀರ್ಮಾನಿಸಿದೆವು ಎಂಬುದು. ‘ನಾವು ಅರಿತಂತೆ’ ಎಂಬ ಆ ಎರಡು ಪದಗಳು ಸಲೀಸಾಗಿ ಬಂದವಲ್ಲ. ಕರಡಿನಲ್ಲಿ ದೇವರ ಹೆಸರು ಮತ್ತೆ ಮತ್ತೆ ಬರುತ್ತಿದ್ದುದನ್ನು ಹ್ಯಾಂಕ್ ಪಾರ್ಕ್‌ಹರ್ಸ್ಟ್, ಜಿಮ್ ಬರ್ವೆಲ್ ಎಂಬ ದೇವರೊಲ್ಲದ ಸದಸ್ಯರು ವಿರೋಧಿಸಿದರು. ಇನ್ನೊಂದು ಕಡೆ, ಪುಸ್ತಕ ಸ್ಪಷ್ಟವಾಗಿ ಕ್ರೈಸ್ತವಾಗಿರಬೇಕೆನ್ನುವವರಿದ್ದರು. ಜಗ್ಗಾಟದ ಕೊನೆಗೆ ಈ ಪದಗಳು ಸೇರಿದವು, ಏಳನೆಯ ಮೆಟ್ಟಿಲಿನಲ್ಲಿದ್ದ ‘ಮಂಡಿಯೂರಿ’ ಎಂಬುದು ಹೊರಬಿತ್ತು. ಉತ್ತರಪತ್ರಿಕೆ ತಿದ್ದುವುದರಲ್ಲೇ ಆಯುಸ್ಸು ಕಳೆದ ನಾನು ಇಷ್ಟು ಬೆಲೆಬಾಳುವ ತಿದ್ದುಪಡಿಯನ್ನು ಮತ್ತೆಲ್ಲೂ ಕಂಡಿಲ್ಲ. 1957ರಲ್ಲಿ ದೆಹಲಿಯ ಮೂಲಕ ಈ ಬಳಗ ನಮ್ಮ ದೇಶಕ್ಕೆ ಬಂದಾಗ, ಅದಕ್ಕೆ ಬಾಗಿಲು ತೆರೆದದ್ದೂ ಆ ಎರಡು ಪದಗಳೇ ಎಂದು ನನ್ನ ಎಣಿಕೆ.

ಆದರೆ ಆ ಬಾಗಿಲು ನಮ್ಮವರಿಗೆ ಬೇರೆಯೇ ಒಂದು ತೊಡಕನ್ನು ತಂದಿದೆ. ಮನೆದೇವರು, ಕುಲದೇವರು, ಇಷ್ಟದೇವರು ಎಂದು ಎಣಿಸುತ್ತ ಬೆಳೆದ ನಮಗೆ ‘ನಾವು ಅರಿತಂತೆ’ ಎಂಬುದರಲ್ಲಿ ಹೊಸತೇನೂ ಕಾಣುವುದಿಲ್ಲ. ಅಮೆರಿಕದ ನಾಸ್ತಿಕ ಎರಡನೆಯ ಮೆಟ್ಟಿಲಿನ ಮುಂದೆ ತಿಂಗಳುಗಟ್ಟಲೆ ಒದ್ದಾಡಿದರೆ, ನಮ್ಮವನು ಮೊದಲ ದಿನವೇ ‘ದೇವರಿದ್ದಾನೆ ಬಿಡಿ ಸಾರ್, ಮುಂದಿನದು ಹೇಳಿ’ ಎನ್ನುತ್ತಾನೆ. ನಾನೂ ಹಾಗೆಯೇ ಅಂದವನು. ಆ ಒದ್ದಾಟದಲ್ಲಿ ಕಲಿಯುವುದೊಂದಿದೆ, ನಮಗದು ತಪ್ಪಿಹೋಗುತ್ತದೆ.

ನಾನು ಹೋದ ಮೊದಲ ಸಭೆ ನಡೆದದ್ದು ಪ್ರಾಥಮಿಕ ಶಾಲೆಯ ಒಂದು ಕೋಣೆಯಲ್ಲಿ. ಮೊಣಕಾಲು ಎದೆಗೆ ತಾಗುವಷ್ಟು ಗಿಡ್ಡ ಬೆಂಚುಗಳು, ಕರಿಹಲಗೆಯ ಮೇಲೆ ಅಳಿಸದೆ ಬಿಟ್ಟ ಕಾಗುಣಿತ, ಸ್ಟೀಲ್ ಲೋಟಗಳಲ್ಲಿ ತೀರಾ ಸಿಹಿಯಾದ ಚಹಾ. ಲೋಟವನ್ನು ಎರಡು ಕೈಯಲ್ಲಿ ಹಿಡಿದರೂ ಚಹಾ ತುಳುಕುತ್ತಿತ್ತು. ಪಕ್ಕದಲ್ಲಿದ್ದವರು ಅದನ್ನು ಗಮನಿಸಿ, ಏನೂ ಹೇಳದೆ ನನ್ನ ಲೋಟದಿಂದ ಅರ್ಧವನ್ನು ತಮ್ಮ ಲೋಟಕ್ಕೆ ಸುರಿದುಕೊಂಡರು. ಅವರು ಆಟೊ ಓಡಿಸುತ್ತಿದ್ದವರು, ನನಗಿಂತ ಹತ್ತು ವರ್ಷ ಹಿರಿಯರು. ಮುಂದೆ ನನ್ನ ಸ್ಪಾನ್ಸರ್, ಅಂದರೆ ಹೊಸಬನ ಕೈಹಿಡಿದು ನಡೆಸುವ ಹಳೆಯ ಸದಸ್ಯ, ಆದರು. ಸಭೆ ಮುಗಿದ ಮೇಲೆ, ನನಗೆ ದೈವಭಕ್ತಿ ಇದೆಯೆಂದೂ ಪೂಜೆ ತಪ್ಪಿಸುವುದಿಲ್ಲವೆಂದೂ ಅವರಿಗೆ ಉದ್ದಕ್ಕೆ ಹೇಳಿದೆ.

“ಇರ್ಲಿ ಮೇಷ್ಟ್ರೇ, ಒಳ್ಳೇದು” ಅಂದರು. “ನಿಮ್ಮ ಕೈಲಿ ಬಿಡೋಕಾಗ್ಲಿಲ್ಲ. ನನ್ನ ಕೈಲೂ ಆಗಿರ್ಲಿಲ್ಲ. ಈ ರೂಮಲ್ಲಿ ಹದಿನಾಲ್ಕು ಜನ ಕೂತಿದ್ವಿ, ಯಾರೂ ಇವತ್ತು ಕುಡಿದಿಲ್ಲ. ಅದು ಯಾರ ಕೈ ಅಂತ ಆಮೇಲೆ ಯೋಚ್ನೆ ಮಾಡೋಣ. ನಾಳೆ ಬೆಳಿಗ್ಗೆ ಆರಕ್ಕೆ ನಂಗೊಂದು ಫೋನ್ ಮಾಡಿ, ಅಷ್ಟೇ.”

ಫೋನ್ ಮಾಡಿ ಏನು ಹೇಳಬೇಕೆಂದು ಕೇಳಿದೆ. “ಏನೂ ಬೇಡ. ಇವತ್ತು ನನ್ನ ಕೈಲಾಗಲ್ಲ ಅನ್ನಿ, ಸಾಕು.”

ಗಣಿತದ ಮೇಷ್ಟ್ರಾದ ನನಗೆ ಬೆಳಿಗ್ಗೆ ಆರಕ್ಕೆ ಆಟೊ ಚಾಲಕರೊಬ್ಬರಿಗೆ ಫೋನ್ ಮಾಡಿ ‘ನನ್ನ ಕೈಲಾಗಲ್ಲ’ ಎನ್ನುವುದು ಶಬರಿಮಲೆ ಹತ್ತುವುದಕ್ಕಿಂತ ಕಷ್ಟವಾಯಿತು. ದೇವರ ಎದುರು ಅಡ್ಡಬೀಳುವುದು ಸುಲಭ, ಅಲ್ಲಿ ನೋಡುವವರಿಲ್ಲ. ಹತ್ತು ದಿನ ಫೋನ್ ಮಾಡಿದ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು: ಸಂಜೆ ಬಾರಿನ ಮುಂದೆ ಹಾದುಹೋಗುವಾಗ ಕುಡಿಯಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ನಾನೊಬ್ಬನೇ ತೀರ್ಮಾನಿಸಬೇಕಾಗಿರಲಿಲ್ಲ, ಬೆಳಿಗ್ಗೆಯೇ ಅದನ್ನು ಬೇರೆ ಕಡೆ ಒಪ್ಪಿಸಿ ಬಂದಿದ್ದೆ. ಎಲ್ಲಿಗೆ ಒಪ್ಪಿಸಿದ್ದೆ ಎಂದು ಆಗ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಶ್ರೀವೈಷ್ಣವರು ಶರಣಾಗತಿಯನ್ನು ವಿವರಿಸುವಾಗ ತಾಯಿಯ ಹೊಟ್ಟೆಯನ್ನು ತಾನೇ ಅವುಚಿಕೊಳ್ಳುವ ಕೋತಿಮರಿಯ ಹೋಲಿಕೆಯನ್ನೂ, ತಾಯಿ ಬಾಯಲ್ಲಿ ಕಚ್ಚಿಕೊಂಡು ಒಯ್ಯುವ ಬೆಕ್ಕಿನಮರಿಯ ಹೋಲಿಕೆಯನ್ನೂ ಕೊಡುತ್ತಾರೆ. ದೇವರನ್ನು ನೆಚ್ಚುವುದೆಂದರೆ ಬೆಕ್ಕಿನಮರಿಯಂತೆ ಸುಮ್ಮನೆ ಜೋತುಬೀಳುವುದೆಂದು ನಾನು ತಿಳಿದಿದ್ದೆ. ಮೊದಲ ವರ್ಷವಂತೂ ಪೂರಾ ಕೋತಿಮರಿಯ ಬಾಳು. ಕೈ ಸಡಿಲಿಸಿದರೆ ಕೆಳಗೆ ಬೀಳುವುದು ಖಚಿತವಿತ್ತು.

ಎಲ್ಲರಿಗೂ ಇದು ಒಂದೇ ಬಗೆಯಲ್ಲಿ ಒಗ್ಗುವುದಿಲ್ಲ. ನಮ್ಮ ಗುಂಪಿನಲ್ಲಿದ್ದ ಪೌರಕಾರ್ಮಿಕರೊಬ್ಬರು ಮೂರನೆಯ ಮೆಟ್ಟಿಲಿನ ದಿನ ಎದ್ದು ನಿಂತರು. “ನಮ್ಮನ್ನ ಊರ ಗುಡಿ ಒಳಗೇ ಬಿಟ್ಟಿಲ್ಲ. ಆ ದೇವ್ರ ಕೈಗೆ ನನ್ನನ್ನ ಒಪ್ಸು ಅಂತೀರಲ್ಲ, ಹೆಂಗೆ ಸಾರ್?” ಎಂದು ಕೇಳಿದರು. ಕೋಣೆಯಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ, ಹೊಳೆಯದಿದ್ದದ್ದೇ ಒಳ್ಳೆಯದಾಯಿತು. ಹುಟ್ಟಿದಾರಭ್ಯ ತಲೆಬಾಗು ಎಂದು ಹೇಳಿಸಿಕೊಂಡವನಿಗೆ ಶರಣಾಗು ಎನ್ನುವುದು, ನನ್ನಂಥ ಅಹಂಕಾರಿ ಮೇಷ್ಟ್ರಿಗೆ ಹೇಳಿದಷ್ಟು ಸಲೀಸಲ್ಲ. ಎರಡು ವಾರ ಬಿಟ್ಟು ಅವರೇ ಬಂದು, ‘ನನ್ನ ಅವ್ವನ್ನ ಇಟ್ಕೊಂಡೆ’ ಎಂದರು. ತೀರಿಹೋಗಿದ್ದ ಅವರ ಅವ್ವ ಬದುಕಿರುವವರೆಗೂ ಅವರಿಗಾಗಿ ಬಾಗಿಲಿಗೆ ಅಗುಳಿ ಹಾಕದೆ ಮಲಗುತ್ತಿದ್ದರಂತೆ. ಹೆಂಗಸರ ವಿಷಯದಲ್ಲೂ ಇಂಥದೇ ಆಕ್ಷೇಪವಿದೆ. 1970ರ ದಶಕದಲ್ಲಿ ಜೀನ್ ಕರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ಮಹಿಳೆ ಕುಡಿತ ಬಿಡುವ ಹೆಂಗಸರಿಗಾಗಿ ಬೇರೆಯೇ ಸಂಸ್ಥೆ ಕಟ್ಟಿದ್ದರ ಹಿಂದೆ, ಹೆಣ್ಣಿಗೆ ಬೇಕಾದದ್ದು ತಾನು ಅಸಹಾಯಕಳೆಂಬ ಒಪ್ಪಿಗೆಯಲ್ಲ, ತನ್ನ ಬಾಳು ತನ್ನ ಕೈಯಲ್ಲಿದೆಯೆಂಬ ಧೈರ್ಯ ಎಂಬ ವಾದವಿತ್ತು. ಅದರಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ.

ಈ ನೆಚ್ಚಿಕೆಯಿಂದ ನಿಜವಾಗಿ ಪ್ರಯೋಜನವುಂಟೇ ಎಂದು ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ. ಕಾಕ್ರೇನ್ ಎಂಬ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪರಿಶೀಲನೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ವಿವರಗಳನ್ನು ಒಟ್ಟಿಗೆ ನೋಡಿತು. ಕುಡಿಯದೆ ಸತತವಾಗಿ ಇರುವ ವಿಷಯದಲ್ಲಿ, ಎ.ಎ. ಸಭೆಗಳ ಕಡೆಗೆ ಜನರನ್ನು ಕ್ರಮವಾಗಿ ಒಯ್ಯುವ ಚಿಕಿತ್ಸೆ ಮನೋವಿಜ್ಞಾನದ ಉಳಿದ ಹೆಸರಾಂತ ಚಿಕಿತ್ಸೆಗಳಿಗಿಂತ ಮೇಲಾಗಿ ಕಂಡಿತು. ಆ ಪರಿಶೀಲನೆಯ ಲೇಖಕರಲ್ಲಿ ಒಬ್ಬರಾದ ಜಾನ್ ಕೆಲ್ಲಿಯವರು ಇದು ಹೇಗೆ ಕೆಲಸ ಮಾಡುತ್ತದೆಂದೂ ಹುಡುಕಿದ್ದಾರೆ. ಹೆಚ್ಚಿನ ಪಾಲು ಒಡನಾಟ ಬದಲಾಗುವುದರಿಂದ, ಅಂದರೆ ಕುಡಿಯುವ ಗೆಳೆಯರ ಜಾಗಕ್ಕೆ ಕುಡಿಯದ ಗೆಳೆಯರು ಬರುವುದರಿಂದ. ಅಧ್ಯಾತ್ಮದ ಪಾಲು ಹೆಚ್ಚಾಗಿ ಕಂಡದ್ದು ವ್ಯಸನ ತೀವ್ರವಾಗಿದ್ದವರಲ್ಲಿ. ಆಟೊ ಓಡಿಸುತ್ತಿದ್ದ ನನ್ನ ಸ್ಪಾನ್ಸರ್ ಇದನ್ನೆಲ್ಲ ಓದಿದವರಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕಾಗಿದೆ. ಹಲವು ವರ್ಷ ದಿನವೂ ಹೆಚ್ಚಾಗಿ ಕುಡಿದವನು ದೇವರ ಮೇಲೆ ಭಾರ ಹಾಕಿ ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಜ್ವರ, ನಡುಕ, ಇಲ್ಲದ್ದು ಕಾಣುವ ಭ್ರಮೆ ಕೂಡಿದ ಸನ್ನಿ ಹಿಡಿಯಬಹುದು, ಪ್ರಾಣವೇ ಹೋಗಬಹುದು. ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎಂದು ಅವನು ಕಿರುಚಿದರೆ ಅದು ದೆವ್ವವೂ ಅಲ್ಲ, ಮುರಿದ ಆಣೆಯ ಶಾಪವೂ ಅಲ್ಲ. ತಾಯಿತ ಕಟ್ಟಿಸಲು ಓಡಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ದೊರೆತಿದೆ. ಉಳಿದ 37 ಮಂದಿಯ ಮನೆಗಳಲ್ಲಿ ಏನು ನಡೆಯುತ್ತಿದೆಯೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಮತ್ತೆ ಮಾತಿಗೆ ಬರುತ್ತೇನೆ. ನನ್ನ ಮೂರನೆಯ ವರ್ಷದಲ್ಲಿ ಒಂದು ಬೆಳಿಗ್ಗೆ ಆರಕ್ಕೆ ಫೋನ್ ರಿಂಗಾಯಿತು, ನನ್ನ ಸ್ಪಾನ್ಸರ್ ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಮೂರನೆಯ ದಿನ ಮನೆಗೇ ಹೋದೆ. ಆಟೊ ಅಂಗಳದಲ್ಲಿ ನಿಂತಿತ್ತು. ಅವರು ಜಗುಲಿಯ ಕಂಬಕ್ಕೆ ಒರಗಿ ಕುಳಿತಿದ್ದರು, ವಾಸನೆ ಗೇಟಿನವರೆಗೂ ಬರುತ್ತಿತ್ತು. ಒಂಬತ್ತು ವರ್ಷದ ಮೇಲೆ ಕುಡಿದಿದ್ದರು. ಅವರ ಹೆಂಡತಿ ನನ್ನನ್ನು ಕಂಡು ‘ಬನ್ನಿ ಅಣ್ಣ’ ಅಂದವರು ಮತ್ತೇನೂ ಹೇಳಲಾರದೆ ಒಳಗೆ ಹೋದರು. ನನಗೆ ಬಂದದ್ದು ಮರುಕವಲ್ಲ, ಸಿಟ್ಟು. ಅಷ್ಟು ದಿನ ಇಡೀ ಭಾರ ಹಾಕಿದ್ದು ಒಬ್ಬ ಮನುಷ್ಯನ ಮೇಲೆಯೇ ಎಂಬುದು ಆ ಸಿಟ್ಟಿನಲ್ಲಿಯೇ ನನಗೆ ಗೊತ್ತಾಯಿತು. ದಾರಿಯಲ್ಲಿ ಅದೇ ಬಾರು, ಬಸ್ ನಿಲ್ದಾಣದ ಹಿಂದೆ. ಅದನ್ನು ಹೇಗೆ ದಾಟಿದೆನೆಂದು ಈಗಲೂ ಹೇಳಲಾರೆ. ನಿಯಂತ್ರಣ ನನ್ನದಾಗಿರಲಿಲ್ಲ ಎಂಬುದಷ್ಟು ನಿಜ. ಸಂಜೆ ಸಭೆಗೆ ಹೋಗಿ ‘ನಮ್ಮಣ್ಣ ಕುಡಿದಿದ್ದಾರೆ’ ಎಂದೆ. ಯಾರೂ ಬೆಚ್ಚಲಿಲ್ಲ. ಒಬ್ಬರು ಚಹಾ ಕೊಟ್ಟರು, ಇಬ್ಬರು ಅವರ ಮನೆಗೆ ಹೊರಟರು. ಅದೇ ಗಿಡ್ಡ ಬೆಂಚಿನ ಮೇಲೆ ಕುಳಿತಿದ್ದಾಗ, ಒಬ್ಬರು ಬಿದ್ದರೂ ಬೀಳದೆ ಉಳಿದಿರುವಂಥದ್ದು ಆ ಕೋಣೆಯಲ್ಲಿದೆಯೆಂದು ಮೊದಲ ಸಲ ಅನ್ನಿಸಿತು. ಅದನ್ನು ನಾನು ಇಂದು ದೇವರೆಂದು ಕರೆಯುತ್ತೇನೆ; ನೀವು ಹಾಗೆ ಕರೆಯಬೇಕಾಗಿಲ್ಲ. ಹನ್ನೊಂದನೆಯ ದಿನ ಅವರು ಬಂದು ಹಿಂದಿನ ಬೆಂಚಿನಲ್ಲಿ ಕುಳಿತು, ‘ಇವತ್ತಿಗೆ ಒಂದು ದಿನ’ ಎಂದರು. ಹೊರಡುವಾಗ, ನಾಳೆಯಿಂದ ಆರಕ್ಕೆ ತಾವೇ ಮಾಡುವುದಾಗಿಯೂ, ನಾನು ಎತ್ತಿದರೆ ಸಾಕೆಂದೂ ಹೇಳಿದರು.

ಕೊನೆಯದಾಗಿ, ಮುಂದಿನ ಸಾಲಿನಲ್ಲಿ ಕುಳಿತ ತಾಯಿಯೊಬ್ಬರ ಪ್ರಶ್ನೆ: ಅವರು ದೇವರನ್ನು ನೆಚ್ಚಲಿ ಸ್ವಾಮಿ, ನಾವು ಅವರನ್ನು ನೆಚ್ಚುವುದು ಯಾವಾಗ? ಇದಕ್ಕೆ ಅವಧಿ ಹೇಳಲು ನನ್ನಿಂದಾಗದು. ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ನನ್ನ ಎಟಿಎಂ ಕಾರ್ಡನ್ನು ಹೆಂಡತಿ ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿಡುತ್ತಿದ್ದಳು. ಅದು ಅಲ್ಲಿರುವುದು ನನಗೆ ಗೊತ್ತು, ನನಗೆ ಗೊತ್ತಿರುವುದು ಅವಳಿಗೆ ಗೊತ್ತು. ನಾಲ್ಕನೆಯ ವರ್ಷದ ಕೊನೆಯಲ್ಲಿ, ಸಂಬಳದ ಮರುದಿನ, ಅವಳು ಕಾರ್ಡನ್ನು ತೆಗೆದು ಸೆರಗಿನಿಂದ ಒರೆಸಿ, ‘ಹಣ ತಗೊಂಡು ಇಪ್ಪತ್ತೈದು ಕೇಜಿ ಅಕ್ಕಿ ತನ್ನಿ’ ಎಂದಳು. ಎಟಿಎಂ ಇದ್ದದ್ದು ಬಸ್ ನಿಲ್ದಾಣದ ಎದುರಿಗೇ. ಹಣ ತೆಗೆದು, ಅಕ್ಕಿ ಕೊಂಡು, ಅಂಗಡಿಯ ಚೀಟಿಯನ್ನೂ ಉಳಿದ ಚಿಲ್ಲರೆಯನ್ನೂ ಕೈಯಲ್ಲೇ ಹಿಡಿದುಕೊಂಡು ಮನೆಗೆ ಬಂದೆ. ಅವಳು ಚೀಟಿಯನ್ನು ನೋಡಲಿಲ್ಲ. ಮೂಟೆ ಇಳಿಸಿಕೊಳ್ಳುವ ನೆಪದಲ್ಲಿ ಹತ್ತಿರ ಬಂದು, ಹಳೆಯ ಅಭ್ಯಾಸದಂತೆ, ನನ್ನ ಉಸಿರನ್ನೊಮ್ಮೆ ಮೂಸಿ ನೋಡಿ ಒಳಗೆ ಹೋದಳು.